ಕುದಿಸಿದ ಕಲ್ಬತ್ತು

ನಾನು ನಿಂತಿದ್ದು ಹಟ್ಟಿಯ ಶಾಲೆಯ ಜಗುಲಿಯ ಮೇಲೆ, ಬಾಗಿಲಿನಿಂದ ಎರಡು ಹೆಜ್ಜೆ ಎಡಕ್ಕೆ, ಮೊದಲನೆಯ ಕಲ್ಲುಕಂಬಕ್ಕೆ ಬೆನ್ನು ತಾಗುವಂತೆ. ಕೈಯಲ್ಲಿ ಎನಾಮಲ್ ತಟ್ಟೆ ಇತ್ತು. ಅದರಲ್ಲಿ ಕುದಿಸಿದ ಸೂಜಿಗಳು, ಸ್ಪಿರಿಟ್ಟಿನಲ್ಲಿ ನೆನೆದ ಹತ್ತಿ, ಪೆನ್ಸಿಲಿನ್ ಸೀಸೆಗಳು. ೧೯೭೯ನೇ ಇಸವಿ, ಜೂನ್ ತಿಂಗಳು, ಒಂದು ಶುಕ್ರವಾರ. ಗಡಿಯಾರ ನೋಡಿಕೊಂಡಿದ್ದೆ, ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಆಕೆ ಸಾಲಿನಲ್ಲಿ ನಾಲ್ಕನೆಯವಳು. ನಾನು ಕೈ ಚಾಚಿದ್ದರೆ ಆಕೆಯ ಭುಜ ಸಿಗುತ್ತಿತ್ತು.

ಹನ್ನೊಂದು ನಲವತ್ತೊಂದಕ್ಕೆ ಆಕೆ ತೀರಿಕೊಂಡಳು.

ಆಕೆಗೆ ಯಾವ ಕಾಯಿಲೆಯೂ ಇರಲಿಲ್ಲ. ಆಕೆಯ ಕುರಿಗಳಿಗೆ ನೆರಡಿ, ಎಂದರೆ ಆಂಥ್ರಾಕ್ಸ್, ರೋಗ ಇದೆ, ಸತ್ತ ಕುರಿಯ ಚರ್ಮ ಸುಲಿದವರಿಗೂ ಅದು ಹತ್ತಬಹುದು, ಮುನ್ನೆಚ್ಚರಿಕೆಯಾಗಿ ಇಂಜೆಕ್ಷನ್ ಕೊಡಿ ಎಂದು ಒಂದು ಕಾಗದ ಹೇಳಿತ್ತು. ಆ ಕಾಗದ ಹೊರಟಿದ್ದು ನಾನು ಕೆಲಸ ಮಾಡುತ್ತಿದ್ದ ಕೋಣೆಯಿಂದ. ಆ ಕುರಿಗಳಿಗೆ ನಿಜವಾಗಿ ನೆರಡಿ ಇತ್ತೇ, ಇಲ್ಲವೇ? ಇದೊಂದೇ ಪ್ರಶ್ನೆಗಾಗಿ ಇದನ್ನು ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡೆ ಎಂದೂ ಕೇಳಿದ್ದನ್ನು ಕೇಳಿದೆ ಎಂದೂ ಬೇರೆ ಬೇರೆಯಾಗಿಯೇ ಹೇಳುತ್ತೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ. ಹಟ್ಟಿಯ ಹೆಸರನ್ನೂ ಬರೆಯುವುದಿಲ್ಲ. ಬುಕ್ಕಾಪಟ್ಟಣದಲ್ಲಿ ಬಸ್ಸಿಳಿದು ಕುರುಚಲು ಕಾಡಿನ ಅಂಚಿನಲ್ಲಿ ಮುಕ್ಕಾಲು ಗಂಟೆ ನಡೆದರೆ ಸಿಗುತ್ತಿತ್ತು ಎಂದರೆ ಸಾಕು.

ನಾನು ಕೊರಟಗೆರೆಯವನು. ಆಗ ನನಗೆ ಇಪ್ಪತ್ತಾರು ವರ್ಷ. ಶಿರಾದಲ್ಲಿ ಒಂದು ಹೆಂಚಿನ ಮನೆಯನ್ನು ಬಾಡಿಗೆಗೆ ಹಿಡಿದು ಕುರಿ ರೋಗಗಳನ್ನು ಪತ್ತೆ ಮಾಡುವ ಸಣ್ಣ ಪ್ರಯೋಗಾಲಯ ನಡೆಸುತ್ತಿದ್ದರು. ನಾಲ್ಕೈದು ವರ್ಷ ನಡೆದು ಅದು ಮುಚ್ಚಿಹೋಯಿತು. ಇದ್ದವರು ಮೂರು ಜನ. ಪಶುವೈದ್ಯರೊಬ್ಬರು, ಅವರನ್ನು ನಾವು ಡಾಕ್ಟರು ಎನ್ನುತ್ತಿದ್ದೆವು. ಪರೀಕ್ಷೆಯ ಕೆಲಸಕ್ಕೆ ನಾನು. ಗಾಜಿನ ಸಾಮಾನು ತೊಳೆಯಲು ಶಿರಾದವರೇ ಆದ ಒಬ್ಬ ಅಟೆಂಡರ್, ನನ್ನ ತಂದೆಯ ವಯಸ್ಸಿನವರು. ಅವರನ್ನು ನಾನು ಚಾಚಾ ಎನ್ನುತ್ತಿದ್ದೆ, ಅವರು ನನ್ನನ್ನು ಬಾಬು ಎನ್ನುತ್ತಿದ್ದರು.

ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ಕುರಿ ದಿಢೀರನೆ ಸತ್ತರೂ ನಮ್ಮಲ್ಲಿಗೆ ಬರುತ್ತಿದ್ದದ್ದು ಕಿವಿ. ನೆರಡಿ ಎಂಬ ಅನುಮಾನ ಇದ್ದರೆ ಹೊಟ್ಟೆ ಕೊಯ್ಯಬಾರದು, ರಕ್ತ ನೆಲಕ್ಕೆ ಬಿದ್ದರೆ ರೋಗ ಆ ನೆಲದಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಅದಕ್ಕೇ ಒಂದು ಕಿವಿಯನ್ನಷ್ಟೇ ಕತ್ತರಿಸಿ, ಬಾಯಿ ಅಗಲದ ಸೀಸೆಗೆ ಹಾಕಿ, ಬಿರಡೆ ಬಿಗಿದು ಕಳಿಸಿ ಎಂದು ಹೇಳಿದ್ದೆವು. ಸೀಸೆಯನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುವುದು ವಾಡಿಕೆ. ನಾನು ಬಸ್ ಸ್ಟ್ಯಾಂಡಿನಲ್ಲಿ ಕಾದು ಇಸಿದುಕೊಳ್ಳಬೇಕು. ಪಾವಗಡ ಬಸ್ಸಿನ ಕಂಡಕ್ಟರ್ ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗುತ್ತಿದ್ದ.

"ಬನ್ನಿ ಸಾರ್, ನಿಮ್ಮ ನೆಂಟರು ಬಂದವ್ರೆ! ಒಂದೇ ಕಿವಿ ಬಂದೈತೆ, ಇನ್ನೊಂದು ಆಮೇಕೆ ಬತ್ತದಂತೆ!"

ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಕಿವಿ ಬಂದ ಮೇಲಿನ ಕೆಲಸ ಹೀಗಿತ್ತು. ಅದರ ಒಂದು ಚೂರನ್ನು ಬಿಳಿ ಪಿಂಗಾಣಿಯ ಕಲ್ಬತ್ತಿನಲ್ಲಿ ಹಾಕಿ, ಶುದ್ಧ ಉಪ್ಪುನೀರು ಬಿಟ್ಟು ಅರೆಯಬೇಕು. ಆ ನೀರಿನಲ್ಲಿ ತಂತಿಯನ್ನು ಅದ್ದಿ, ಕ್ರಿಮಿಗೆ ಆಹಾರವಾಗುವ ಅಗರ್ ಹಾಕಿದ ಗಾಜಿನ ತಟ್ಟೆಯ ಮೇಲೆ ಗೆರೆ ಎಳೆದು, ರಾತ್ರಿಯಿಡೀ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡಬೇಕು. ಕ್ರಿಮಿ ಇದ್ದರೆ ಬೆಳಗ್ಗೆ ಗೆರೆಯುದ್ದಕ್ಕೂ ಚುಕ್ಕೆಗಳು ಎದ್ದಿರುತ್ತವೆ. ನೆರಡಿಯ ಚುಕ್ಕೆ ಬೂದು ಬಣ್ಣದ್ದು, ಉಜ್ಜಿದ ಗಾಜಿನಂತೆ ಮಂಕು. ಭೂತಗನ್ನಡಿಯಲ್ಲಿ ನೋಡಿದರೆ ಅಂಚು ಬಾಚದ ಕೂದಲಿನಂತೆ ಸುರುಳಿ ಸುರುಳಿ. ಒಮ್ಮೆ ಕಂಡವರು ಮರೆಯುವುದಿಲ್ಲ.

ಕಲ್ಬತ್ತು ನಮ್ಮಲ್ಲಿ ಒಂದೇ ಇತ್ತು.

ಪ್ರತಿ ಸಲ ಅರೆದ ಮೇಲೆ ಅದನ್ನು ಆಟೊಕ್ಲೇವಿಗೆ ಹಾಕಬೇಕು. ಆಟೊಕ್ಲೇವ್ ಎಂದರೆ ದೊಡ್ಡ ಪ್ರೆಶರ್ ಕುಕ್ಕರ್ ಇದ್ದ ಹಾಗೆ. ಒಳಗಿನ ಹಬೆ ಒತ್ತಡಕ್ಕೆ ಸಿಕ್ಕಿ, ಕುದಿಯುವ ನೀರಿಗಿಂತ ಹೆಚ್ಚು ಬಿಸಿಯಾಗುತ್ತದೆ. ಆ ಬೇಸಿಗೆಯಲ್ಲಿ ಅದರ ಮುಚ್ಚಳದ ರಬ್ಬರ್ ಉಂಗುರ ಸೀಳಿತು. ಹೊಸದಕ್ಕೆ ಬರೆದಿದ್ದೆವು, ಬಂದಿರಲಿಲ್ಲ. ಚಾಚಾ ಪಂಕ್ಚರ್ ಅಂಗಡಿಗೆ ಹೋಗಿ, ಲಾರಿ ಟ್ಯೂಬಿನಿಂದ ಒಂದು ಉಂಗುರ ಕತ್ತರಿಸಿಕೊಂಡು ಬಂದರು. ಹಾಕಿ ಒಲೆ ಹಚ್ಚಿದರೆ ಹಬೆ ಸುತ್ತಲೂ ಸುಯ್ಯೆಂದು ಸೋರಿತು. ಒತ್ತಡದ ಮುಳ್ಳು ಅರ್ಧಕ್ಕಿಂತ ಮೇಲೆ ಏಳಲೇ ಇಲ್ಲ.

"ನೋಡು ಬಾಬು," ಎಂದರು ಚಾಚಾ, ಕೈ ಒರೆಸಿಕೊಳ್ಳುತ್ತ. "ಲಾರಿ ರಬ್ಬರು ರಸ್ತೆಗೆ ಸರಿ. ಇದಕ್ಕೆ ನಡಿಯಾಕಿಲ್ಲ. ಪೂರಾ ಪಕ್ಕಾ ಆಗೋವರ್ಗೂ ಈ ಡಬ್ಬಾ ನಂಬಬ್ಯಾಡ."

"ಮತ್ತೇನು ಮಾಡೋದು ಚಾಚಾ?"

"ನನ್ನ ಕೇಳಿದ್ರೆ? ನಾನು ತೊಳಿಯೋನು. ನೀನು ಓದಿರೋನು."

ಓದಿದವನು ನಾನು ಮಾಡಿದ್ದು ಇಷ್ಟು. ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರಿಟ್ಟು, ಅದರಲ್ಲಿ ಕಲ್ಬತ್ತು ಮುಳುಗಿಸಿ, ಅರ್ಧ ಗಂಟೆ ಕುದಿಸಿದೆ. ಅಗರ್ ತಟ್ಟೆ, ಉಪ್ಪುನೀರು ಎರಡೂ ದೂರದ ಊರಿನ ದೊಡ್ಡ ಪ್ರಯೋಗಾಲಯದಿಂದ ಸಿದ್ಧವಾಗಿ ಬರುತ್ತಿದ್ದುದರಿಂದ ಅವುಗಳ ಚಿಂತೆ ಇರಲಿಲ್ಲ. ಕಲ್ಬತ್ತಿಗೆ ಕುದಿಸಿದರೆ ಆಯಿತು ಎಂದುಕೊಂಡೆ. ದಿನವಹಿಯಲ್ಲಿ 'ಕ್ರಿಮಿಶುದ್ಧಿ ಆಗಿದೆ' ಎಂದು ಬರೆದು ರುಜು ಹಾಕಿದೆ. ನೆರಡಿಯ ಕ್ರಿಮಿಗೆ ಕಷ್ಟ ಬಂದರೆ ಅದು ಗಟ್ಟಿ ಸಿಪ್ಪೆಯ ಬೀಜವಾಗಿ ಕೂರುತ್ತದೆ, ಆ ಬೀಜ ಕುದಿಯುವ ನೀರಿಗೂ ಸುಲಭಕ್ಕೆ ಸಾಯುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಉತ್ತರ ಬರೆದು ಪಾಸಾದವನೇ ನಾನು.

ಜೂನ್ ಮೊದಲ ಸೋಮವಾರ ಪಾವಗಡದ ಬಸ್ಸಿನಲ್ಲಿ ಒಂದು ಕಿವಿ ಬಂತು. ಆಂಧ್ರದ ಗಡಿಯ ಕಡೆಯದು. ಅರೆದೆ, ಗೆರೆ ಎಳೆದೆ. ಮಾರನೆಯ ದಿನ ಗೆರೆಯುದ್ದಕ್ಕೂ ಬೂದು ಚುಕ್ಕೆಗಳು, ಒಂದಕ್ಕೊಂದು ಅಂಟಿಕೊಂಡು, ಎಣಿಸಲಾಗದಷ್ಟು. ನಮ್ಮಲ್ಲಿ ಉಳಿದಿದ್ದ ಒಂದೇ ಗಿನಿಹಂದಿಗೆ ಅದೇ ನೀರು ಚುಚ್ಚಿದೆವು, ಎರಡನೆಯ ದಿನ ಸತ್ತಿತು. ಅಲ್ಲಿ ನೆರಡಿ ಇದ್ದುದು ನಿಜ. ಆ ಸೋಮವಾರ ಸಂಜೆ ಕಲ್ಬತ್ತನ್ನು ನಾನೇ ಕುದಿಸಿದೆ.

ಮುಂದಿನ ವಾರ, ಮಂಗಳವಾರ, ಆ ಹಟ್ಟಿಯ ಕುರಿಗಾಹಿ ತಾನೇ ಬಂದ. ನಲವತ್ತರ ಆಸುಪಾಸಿನ ಮನುಷ್ಯ, ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಸೀಸೆ. ಕಂಡಕ್ಟರ್ ಕೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ ಎಂದ. ಎರಡು ದಿನದಲ್ಲಿ ಮೂರು ಕುರಿ ಬಿದ್ದಿದ್ದವು.

"ಮಳೆ ಬಿದ್ದು ಎಂಟು ದಿನ ಆಯ್ತು ಸ್ವಾಮಿ. ಹೊಸ ಹುಲ್ಲು ಎದ್ದೈತೆ. ಅದುನ್ನ ಆಸೆಬಿದ್ದು ತಿಂದ್ಬುಟ್ಟವೆ, ಹೊಟ್ಟೆ ಉಬ್ಬರಿಸ್ಕೊಂಡು ಬಿದ್ಬುಟ್ಟವೆ. ಕರುಳುಬೇನೆ ಅಂತ ನಮಗೆ. ನನ್ನ ಹೆಂಡ್ರೂ ಅದ್ನೇ ಅಂತಾಳೆ. ಆದ್ರೂ ನೀವು ಒಂದಪ ನೋಡ್ಬುಡಿ."

"ಎರಡು ಕಿವಿ ಇರುತ್ತಲ್ಲ, ಬಲಗಿವಿಯನ್ನೇ ಯಾಕೆ ತಂದೆ?" ಎಂದು ಡಾಕ್ಟರು ಕೇಳಿದರು.

"ಎಡಗಿವಿಲಿ ಗುರುತು ಐತೆ ಸ್ವಾಮಿ. ಅದು ಕೊಡಾಕಾಗಲ್ಲ."

ಆ ಕುರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತನವಲ್ಲ. ಐ.ಡಿ.ಹಳ್ಳಿಯ ಕಡೆಯ ಒಬ್ಬ ಯಜಮಾನರವು, ಆತ ಪಾಲಿಗೆ ಮೇಯಿಸುತ್ತಿದ್ದ. ಯಜಮಾನರ ಕುರಿಗೆಲ್ಲ ಎಡಗಿವಿಯಲ್ಲಿ ಒಂದು ಸೀಳು, ತುದಿಯಲ್ಲಿ ಒಂದು ಕಚ್ಚು ಇರುತ್ತಿತ್ತು. ಕುರಿ ಸತ್ತರೆ ಆ ಕಿವಿಯನ್ನು ಕೊಯ್ದು, ಉಪ್ಪು ಸವರಿ, ಗುಡಿಸಲ ಗಳಕ್ಕೆ ನೇತುಹಾಕಬೇಕು. ಯಜಮಾನ ಬಂದಾಗ ತೋರಿಸಬೇಕು. ಸತ್ತಿತು, ಮಾರಲಿಲ್ಲ ಎಂಬುದಕ್ಕೆ ಕಿವಿಯೇ ಸಾಕ್ಷಿ. ನಾನು ಇದನ್ನು ಅಂದು ಮೊದಲ ಸಲ ಕೇಳಿದೆ, ಕೇಳಿ ಮರೆತೆ.

ಬಲಗಿವಿ ಎರಡು ದಿನದ್ದು, ಕೊಳೆಯುತ್ತಿತ್ತು. ಅದರ ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಾನಾ ಬಗೆಯ ಕಡ್ಡಿ ಆಕಾರದ ಕ್ರಿಮಿಗಳು, ಇಂಥದ್ದೇ ಎಂದು ಹೇಳುವ ಹಾಗಿರಲಿಲ್ಲ. ಎಲ್ಲವೂ ತಟ್ಟೆಯ ಮೇಲೆ ನಿಂತಿತು. ಕಲ್ಬತ್ತನ್ನು ಪಾವಗಡದ ಕಿವಿಯ ನಂತರ ಯಾರೂ ಮುಟ್ಟಿರಲಿಲ್ಲ. ಅದೇ ಕಲ್ಬತ್ತಿನಲ್ಲಿ ಅರೆದು ಗೆರೆ ಎಳೆದೆ.

ಬುಧವಾರ ಬೆಳಗ್ಗೆ ತಟ್ಟೆ ತೆಗೆದರೆ ಕೊಳೆಯುವ ಮಾಂಸದ ಇತರ ಕ್ರಿಮಿಗಳ ನಡುವೆ ಬೂದು ಬಣ್ಣದ ಮಂಕು ಚುಕ್ಕೆಗಳು. ಆರು. ನಾನು ಎರಡು ಸಲ ಎಣಿಸಿದೆ. ಪಾವಗಡದ ತಟ್ಟೆಯಲ್ಲಿ ಎಣಿಸಲಾಗದಷ್ಟಿದ್ದವು, ಇಲ್ಲಿ ಆರೇ. ನೆರಡಿಯಿಂದ ಸತ್ತ ಕುರಿಯ ರಕ್ತದಲ್ಲಿ ಕ್ರಿಮಿ ತುಂಬಿ ತುಳುಕುತ್ತದೆ. ಆರೇ ಯಾಕೆ ಎಂಬ ಪ್ರಶ್ನೆ ನನ್ನ ತಲೆಗೆ ಬಂತು. ಬಂತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಬಾಯಿಗೆ ಬರಲಿಲ್ಲ.

ಡಾಕ್ಟರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಕಡಿಮೆ ಇವೆ," ಎಂದರು.

"ಹೌದು ಸಾರ್."

"ಕಿವಿ ಕೊಳೆತಿತ್ತಲ್ಲ, ಸತ್ತಿರಬಹುದು. ಒಂದೇ ಇದ್ದರೂ ನೆರಡಿ ನೆರಡಿಯೇ ಕಣ್ರೀ. ಕಾಯೋ ಹಾಗಿಲ್ಲ. ಆತ ಏನಂದ? ಚರ್ಮ ಸುಲಿದಿದ್ದಾರಾ?"

"ಮನೆ ಹೆಂಗಸರು ಸುಲಿದಿದ್ದಾರೆ. ಮಾಂಸಾನೂ ಹಂಚಿಕೊಂಡಿದ್ದಾರಂತೆ."

ಅವರು ಅಲ್ಲೇ ಕೂತು ಕಾಗದ ಬರೆದರು. ಅವರ ಅವಸರದಲ್ಲಿ ತಪ್ಪಿಲ್ಲ. ನೆರಡಿ ಎಂದ ಮೇಲೆ ತಡಮಾಡುವವನು ಅಪರಾಧಿ ಎಂದೇ ನಮಗೆ ಕಲಿಸಿದ್ದರು. ಗಿನಿಹಂದಿಗೆ ಚುಚ್ಚಿ ನೋಡೋಣ ಎಂದರೆ ಪಂಜರ ಖಾಲಿ.

ಗುರುವಾರ ಹಟ್ಟಿಯಲ್ಲಿ ಚರ್ಮಗಳನ್ನು ಸುಟ್ಟರಂತೆ. ಕಟ್ಟೆಯ ನೀರಿಗೆ ಆತನ ಹಿಂಡು ಇಳಿಯಕೂಡದು ಎಂದು ಸುತ್ತಲಿನವರು ಬೇಲಿ ಮುಳ್ಳು ಎಳೆದರಂತೆ. ಇದು ನಾನು ಕೇಳಿದ್ದು. ಶುಕ್ರವಾರ ಮನುಷ್ಯರ ಡಾಕ್ಟರೊಬ್ಬರು ಜೀಪಿನಲ್ಲಿ ಹೊರಟರು. ಅವರಿಗೆ ದಾರಿ ತೋರಿಸಲು, ಯಾರು ಯಾರು ಸತ್ತ ಕುರಿ ಮುಟ್ಟಿದವರು ಎಂದು ವಿಚಾರಿಸಲು ನನ್ನನ್ನು ಜೊತೆಗೆ ಕಳಿಸಿದರು. ಕೈ ಖಾಲಿ ಇದ್ದುದರಿಂದ ತಟ್ಟೆ ಹಿಡಿದೆ.

ಮುಟ್ಟಿದವರು ಒಂಬತ್ತು ಜನ. ಮದ್ದು ಮೈಗೆ ಒಗ್ಗದಿದ್ದರೆ ಮೊದಲೇ ತಿಳಿಯಲಿ ಎಂದು ಆ ಡಾಕ್ಟರು ಒಬ್ಬೊಬ್ಬರಿಗೂ ಮುಂಗೈಯ ಚರ್ಮದಡಿ ಒಂದು ಹನಿ ಮದ್ದು ಹಾಕಿ, ಅರ್ಧ ಗಂಟೆ ಕೂರಿಸಿ, ಕೆಂಪಾಗಿದೆಯೇ ಎಂದು ನೋಡಿದರು. ಯಾರಿಗೂ ಆಗಿರಲಿಲ್ಲ. ಅವರು ಬಿಡಬೇಕಾದ್ದನ್ನು ಯಾವುದನ್ನೂ ಬಿಡಲಿಲ್ಲ. ಆಮೇಲೆ ಸಾಲು ನಿಲ್ಲಿಸಿದರು.

ಕುರಿಗಾಹಿ ಎರಡನೆಯವನು, ಆತನ ಹೆಂಡತಿ ನಾಲ್ಕನೆಯವಳು, ಅವಳ ಹಿಂದೆ ಅವಳ ವಾರಗಿತ್ತಿ, ಎಂದರೆ ಆತನ ತಮ್ಮನ ಹೆಂಡತಿ. ಮೂರು ಕುರಿಯ ಚರ್ಮವನ್ನೂ ಸುಲಿದವರು ಆ ಇಬ್ಬರೇ. ವಾರಗಿತ್ತಿ ಸೂಜಿ ನೋಡಿ ಮುಖ ಕಿವುಚಿದಳು.

"ಅಯ್ಯೋ ಇವಳ ನೋಡ್ರಪ್ಪಾ," ಎಂದಳು ಆಕೆ, ಸಾಲಿಗೆಲ್ಲ ಕೇಳುವಂತೆ. "ಟಗರಿನ ಚರ್ಮ ಬಾಳೆಹಣ್ಣಿನ ಸಿಪ್ಪೆ ಎಳ್ದಂಗೆ ಎಳೀತಾಳೆ, ಒಂದು ಸೂಜಿಗೆ ಕಾಲು ನಡುಗ್ತಾವೆ!"

"ನೀ ಸುಮ್ಕಿರಕ್ಕ. ನಿನ್ನ ಸರದಿ ಬರ್ಲಿ, ನೋಡ್ತೀನಿ."

"ಏನ್ ನೋಡ್ತೀಯ? ಮೂರು ಹೆತ್ತೋಳು ಕಣೇ ನಾನು." ಆಮೇಲೆ ನನ್ನ ಕಡೆ ತಿರುಗಿ, ನಗುತ್ತಲೇ ಕೇಳಿದಳು. "ಹೌದಾ ಸ್ವಾಮಿ, ನೀವೇನಾ ಕಿವಿ ನೋಡಿದೋರು? ಹೊಸ ಹುಲ್ಲಿಗೆ ಸತ್ತಿರೋ ಕುರಿಗೆ ನೆರಡಿ ಅಂತ ಬರ್ದವ್ರೆ ಅಂತಾನೆ ಈ ನನ್ನ ಗಂಡ. ಹೆಂಗೆ ಸ್ವಾಮಿ?"

"ತಟ್ಟೆಯಲ್ಲಿ ಬೆಳೆದಿದೆಯಮ್ಮ," ಎಂದೆ.

"ತಟ್ಟೇಲಿ ಬೆಳದ್ರೆ ಕುರೀಲಿ ಇತ್ತು ಅಂತಾನಾ?"

"ಹೌದಮ್ಮ."

"ಅಂಗಾದ್ರೆ ಸರಿ ಬುಡಿ. ಓದ್ದೋರು ನೀವು."

ಸೆರಗು ಸರಿಸಿ ತೋಳು ಕೊಟ್ಟಳು. ಇಂಜೆಕ್ಷನ್ ಆಯಿತು. ನಾನು ಹತ್ತಿ ಕೊಟ್ಟೆ, ಒತ್ತಿ ಹಿಡಿದುಕೊಂಡು ಎರಡು ಹೆಜ್ಜೆ ನಡೆದಳು. ನಿಂತಳು. "ಅಂಗೈ ಯಾಕೋ ನವೆ ಆಯ್ತದೆ ಕಣೇ," ಎಂದಳು ವಾರಗಿತ್ತಿಗೆ. ಅಂಗೈಯನ್ನು ಸೀರೆಗೆ ಉಜ್ಜಿದಳು. ತುಟಿ ದಪ್ಪವಾಗುವುದನ್ನು ನಾನು ಕಂಡೆ. ಕಂಬ ಹಿಡಿಯಲು ಕೈ ಚಾಚಿದಳು, ಅದು ನಾನು ಒರಗಿ ನಿಂತಿದ್ದ ಕಂಬ. ಕೈ ಕಂಬಕ್ಕೆ ಸಿಗಲಿಲ್ಲ, ತಟ್ಟೆಗೆ ತಾಗಿತು. ಸೀಸೆಗಳು ಕಲ್ಲಿನ ಮೇಲೆ ಒಡೆದವು. ಅವುಗಳ ಮೇಲೆ ಆಕೆ ಬಿದ್ದಳು.

ಆ ಡಾಕ್ಟರು ಇನ್ನೊಂದು ಸೂಜಿ ಚುಚ್ಚಿದರು, ಮತ್ತೊಂದು ಚುಚ್ಚಿದರು, ಎದೆ ಒತ್ತಿದರು, ಬಾಯಿಗೆ ಬಾಯಿ ಇಟ್ಟು ಊದಿದರು. ಆಕೆಯ ಗಂಟಲು ಊದಿ ಮುಚ್ಚಿಹೋಗಿತ್ತು. ಸಾಲಿನಲ್ಲಿದ್ದವರು ಚೆದುರಿದರು. ಉಳಿದ ಐವರಿಗೆ ಅಂದು ಇಂಜೆಕ್ಷನ್ ಆಗಲಿಲ್ಲ, ಆಮೇಲೂ ಅವರು ಯಾರಿಗೂ ತೋಳು ಕೊಡಲಿಲ್ಲ. ವಾರಗಿತ್ತಿ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕುರಿಗಾಹಿ ಮಾತ್ರ ಮತ್ತೆ ಮತ್ತೆ ಒಂದೇ ಮಾತು ಹೇಳುತ್ತಿದ್ದ. "ಏಳೇ. ಏಳೇ. ಎಲ್ಲರೂ ನೋಡ್ತಾವ್ರೆ, ಏಳೇ."

ಜೀಪು ಹೊರಡುವಾಗ ಆತ ನನ್ನ ಬಳಿ ಬಂದ. ಹೊಡೆಯಲು ಬಂದ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು.

"ಸ್ವಾಮಿ, ಹಟ್ಟಿಯೋರು ಅಂತವ್ರೆ, ನೀನು ರೋಗದ ಕುರಿ ತಂದೆ, ಮುಚ್ಚಿಟ್ಟೆ, ಅದುಕ್ಕೇ ಇಂಗಾಯ್ತು ಅಂತ. ನಾನು ಮುಚ್ಚಿಡ್ಲಿಲ್ಲ, ನಾನೇ ತಂದುಕೊಟ್ಟೆ. ಒಂದು ಮಾತು ಹೇಳ್ಬುಡಿ. ನನ್ನ ಕುರಿಗೆ ನೆರಡಿ ಇತ್ತಾ, ಇರ್ಲಿಲ್ವಾ?"

"ನೋಡಿ ಹೇಳ್ತೀನಿ," ಎಂದೆ. ಮೊದಲು ನೋಡಿ ಹೇಳಿದ್ದರಿಂದಲೇ ಹೀಗಾಯಿತಲ್ಲ ಎಂದು ಆತ ಅನ್ನಲಿಲ್ಲ.

ಶನಿವಾರ ಬೆಳಗ್ಗೆ ಚಾಚಾ ಬರುವ ಮುಂಚೆ ಪ್ರಯೋಗಾಲಯದ ಬೀಗ ತೆಗೆದೆ. ಕಲ್ಬತ್ತನ್ನು ಎಂದಿನಂತೆ ಅರ್ಧ ಗಂಟೆ ಕುದಿಸಿ, ಆರಲು ಬಿಟ್ಟೆ. ಅದರೊಳಕ್ಕೆ ಏನನ್ನೂ ಹಾಕಲಿಲ್ಲ. ಹೊಸ ಸೀಸೆ ಒಡೆದು ಬರೀ ಉಪ್ಪುನೀರು ಬಿಟ್ಟು, ಏನೂ ಇಲ್ಲದ ಕಲ್ಬತ್ತನ್ನು ಅದರ ಪಿಂಗಾಣಿ ಗುಂಡಿನಿಂದ ಅರೆದೆ. ಇಲ್ಲದ ಕಿವಿಯನ್ನು ಅರೆಯುವುದು ಎಂದರೆ ಹೇಗಿರುತ್ತದೆ ಎಂದು ಹೇಳಲಾರೆ, ಪಿಂಗಾಣಿಗೆ ಪಿಂಗಾಣಿ ಉಜ್ಜುವ ಸದ್ದು ಮಾತ್ರ. ಆ ನೀರನ್ನು ಒಂದು ತಟ್ಟೆಯ ಮೇಲೆ ಗೆರೆ ಎಳೆದೆ. ಅದೇ ಸೀಸೆಯ ನೀರನ್ನು, ಕಲ್ಬತ್ತು ಮುಟ್ಟಿಸದೆ, ಎರಡನೆಯ ತಟ್ಟೆಗೆ ಎಳೆದೆ. ಮೂರನೆಯ ತಟ್ಟೆಯನ್ನು ಏನೂ ಮಾಡದೆ ಹಾಗೇ ಇಟ್ಟೆ.

ಚಾಚಾ ಬಂದು ಬಾಗಿಲಲ್ಲೇ ನಿಂತರು. ಅವರಿಗೆ ಸುದ್ದಿ ಮುಟ್ಟಿತ್ತು.

"ಬಾಬು, ಏನೂ ಇಲ್ಲದ್ದು ಅರಿಯಾಕತ್ತೀಯಲ್ಲ. ಏನು ಸಿಗುತ್ತೆ?"

"ಏನೂ ಸಿಗಬಾರದು ಚಾಚಾ."

ಅವರಿಗೆ ಅರ್ಥವಾಯಿತು. ಬಂದು ಬೆಂಚಿನ ತುದಿಯಲ್ಲಿ ಕೂತರು. ಅಂದು ಅವರು ಏನನ್ನೂ ತೊಳೆಯಲಿಲ್ಲ.

ಭಾನುವಾರ ಬೆಳಗ್ಗೆ ಮೂವರೂ ಇದ್ದೆವು. ಏನೂ ಮಾಡದ ತಟ್ಟೆ ಸ್ವಚ್ಛ. ಬರೀ ನೀರಿನ ತಟ್ಟೆ ಸ್ವಚ್ಛ. ಕಲ್ಬತ್ತಿನ ತಟ್ಟೆಯಲ್ಲಿ ನಾಲ್ಕು ಚುಕ್ಕೆ. ಬೂದು ಬಣ್ಣ, ಮಂಕು, ಅಂಚಿನಲ್ಲಿ ಸುರುಳಿ. ಬೇರೆ ಕ್ರಿಮಿಗಳಿಲ್ಲದ ತಟ್ಟೆಯಲ್ಲಿ ಅವು ಬಹಳ ಸ್ಪಷ್ಟವಾಗಿದ್ದವು. ಡಾಕ್ಟರು ಒಂದರಿಂದ ತೆಗೆದು ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರು. ಕಣ್ಣು ತೆಗೆಯದೆಯೇ, "ನೆರಡಿಯೇ. ಪಾವಗಡದ್ದಿರಬೇಕು," ಎಂದರು.

ಪಾವಗಡದ ಕಿವಿಯ ಕ್ರಿಮಿ ಬೀಜವಾಗಿ ಕಲ್ಬತ್ತಿನಲ್ಲಿ ಕೂತಿತ್ತು. ಪಿಂಗಾಣಿಯ ತಳದಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ನನ್ನ ಕುದಿತವನ್ನು ಅದು ತಡೆದುಕೊಂಡಿತು. ಬುಕ್ಕಾಪಟ್ಟಣದ ಕಿವಿಯ ಜೊತೆ ತಟ್ಟೆಗೆ ಇಳಿದು ಆರು ಚುಕ್ಕೆಯಾಗಿ ಎದ್ದಿತು. ಕಾಗದವಾಗಿ ಹೊರಟಿತು.

ಡಾಕ್ಟರು ಕುರ್ಚಿಗೆ ಒರಗಿ ಕೂತರು. "ಆದರೆ ಇದರಿಂದ ಕಲ್ಬತ್ತು ಕೊಳಕು ಅಂತ ಗೊತ್ತಾಯಿತು. ಕುರಿಯಲ್ಲಿ ಇರಲಿಲ್ಲ ಅಂತ ಗೊತ್ತಾಗಲಿಲ್ಲ. ಎರಡೂ ಕಡೆ ಇದ್ದಿರಬಹುದು. ಕಿವಿ ಉಳಿದಿದೆಯೇ?"

ಬಲಗಿವಿಯ ಚೂರನ್ನು ಬುಧವಾರವೇ ಸುಟ್ಟಿದ್ದೆವು. ಆಗ ನನಗೆ ನೆನಪಾಯಿತು. "ಎಡಗಿವಿ ಇದೆ ಸಾರ್. ಉಪ್ಪು ಹಾಕಿ ಇಟ್ಟಿದ್ದಾನೆ."

"ಉಪ್ಪು ಹಾಕಿದ್ದರೆ..." ಎಂದು ಶುರುಮಾಡಿ ಅವರೇ ನಿಲ್ಲಿಸಿದರು. ಕುದಿಸಿದರೂ ಸಾಯದ ಬೀಜಕ್ಕೆ ಉಪ್ಪು ಯಾವ ಲೆಕ್ಕ? ಆ ಕುರಿಗೆ ನೆರಡಿ ಇದ್ದಿದ್ದರೆ ಒಣಗಿದ ಕಿವಿಯಲ್ಲಿ ಅದು ಇದ್ದೇ ಇರಬೇಕು.

ಸೋಮವಾರ ಹಟ್ಟಿಗೆ ಹೋದೆ. ಗುಡಿಸಲ ಗಳಕ್ಕೆ ಮೂರು ಕಿವಿ ನೇತಾಡುತ್ತಿದ್ದವು, ಬೆಲ್ಲದ ಬಣ್ಣಕ್ಕೆ ತಿರುಗಿ, ಚಕ್ಕೆಯಂತೆ ಸುರುಳಿಕೊಂಡು. ಚರ್ಮಗಳನ್ನು ಸುಟ್ಟವರಿಗೆ ಇವು ಕಂಡಿರಲಿಲ್ಲ. ಕುರಿಗಾಹಿ ತಲೆ ಬೋಳಿಸಿಕೊಂಡಿದ್ದ. ವಿಷಯ ಹೇಳಿದೆ, ನಮ್ಮ ಪರೀಕ್ಷೆ ತಪ್ಪಿರಬಹುದು, ಇನ್ನೊಮ್ಮೆ ನೋಡಬೇಕು ಎಂದೆ. ಆತ ಮೂರು ಕಿವಿಗಳನ್ನೂ ಗಳದಿಂದ ಇಳಿಸಿದ. ಆಮೇಲೆ ಕುಡುಗೋಲು ತಂದು, ಮೂರರಲ್ಲೂ ಬುಡದ ಕಡೆಯಿಂದ ಬೆರಳಗಲ ಕೊಯ್ದು ನನ್ನ ಸೀಸೆಗೆ ಹಾಕಿದ.

"ಗುರುತಿರೋ ಭಾಗ ಇರ್ಲಿ ಸ್ವಾಮಿ. ಯಜಮಾನರು ಬಂದ್ರೆ ತೋರ್ಸಬೇಕು."

ಪಕ್ಕದಲ್ಲಿ ವಾರಗಿತ್ತಿ ಆಕೆಯ ಮೂರು ಮಕ್ಕಳಿಗೂ ತನ್ನವಕ್ಕೂ ಮುದ್ದೆ ಹಾಕುತ್ತಿದ್ದಳು. ಅವಳ ಕೈಗಳನ್ನು ತೋರಿಸಲು ಹೇಳಿದೆ. ನೆರಡಿ ಮನುಷ್ಯರಿಗೆ ಹತ್ತಿದರೆ ಹೆಚ್ಚಾಗಿ ಕೈಯ ಚರ್ಮದಲ್ಲಿ ಕಪ್ಪು ಹುಣ್ಣಾಗುತ್ತದೆ. ಸುಲಿದು ಎಂಟು ದಿನ ದಾಟಿತ್ತು. ಹೆಬ್ಬೆರಳಲ್ಲಿ ಸುಲಿಯುವಾಗ ಚಾಕು ತಾಗಿದ ಗಾಯ ಒಂದಿತ್ತು, ಅದೂ ಮಾಗಿ ಚರ್ಮ ಕೂಡಿತ್ತು. ಬೇರೆ ಏನೂ ಇರಲಿಲ್ಲ.

ಡಾಕ್ಟರು ಹೊಸ ಕಲ್ಬತ್ತು ಕೊಂಡು ತಂದಿದ್ದರು. ಅದನ್ನು ಬಟ್ಟೆಯಲ್ಲಿ ಸುತ್ತಿ, ತಾವೇ ಸೈಕಲ್ ತುಳಿದುಕೊಂಡು ಹೋಗಿ, ಪರಿಚಯದ ವೈದ್ಯರೊಬ್ಬರ ಆಪರೇಷನ್ ಕೋಣೆಯ ಆಟೊಕ್ಲೇವಿನಲ್ಲಿ ಹಾಕಿಸಿ ತಂದರು. ಹೋಗಿ ಬರಲು ಒಂದೂವರೆ ಗಂಟೆ ಹಿಡಿಯಿತು. ಆ ಜಾಗ ಅರ್ಧ ಮೈಲಿ ದೂರದಲ್ಲಿತ್ತು. ಉಂಗುರ ಸೀಳಿದ ದಿನವೂ ಅದು ಅಲ್ಲೇ ಇತ್ತು.

ಮಂಗಳವಾರ ಮೂರೂ ಚೂರುಗಳನ್ನು ಹಾಕಿದೆ. ಪ್ರತಿಯೊಂದರ ಪಕ್ಕದಲ್ಲಿ ಒಂದು ಖಾಲಿ ತಟ್ಟೆ. ಮೂರು ದಿನ ಇಟ್ಟೆವು. ಉಪ್ಪು ಸಹಿಸುವ ಕೆಲವು ಹಳದಿ ಚುಕ್ಕೆಗಳು ಎದ್ದವು. ಬೂದು ಚುಕ್ಕೆ ಒಂದೂ ಇಲ್ಲ. ಒಂಬತ್ತು ಸಲ ಗೆರೆ ಎಳೆದು ನೋಡಿದೆ, ಒಂದೂ ಇಲ್ಲ.

"ಆತನಿಗೆ ಹೇಳ್ತೀರಾ?" ಎಂದು ಡಾಕ್ಟರು ಕೇಳಿದರು. "ಯೋಚನೆ ಮಾಡಿ. ಈಗ ರೋಗಕ್ಕೆ ಮದ್ದು ತಗೊಳ್ಳೋಕೆ ಹೋಗಿ ಸತ್ತಳು ಅಂದುಕೊಂಡಿದ್ದಾನೆ. ಇಲ್ಲದ ರೋಗಕ್ಕೆ ಸತ್ತಳು ಅಂತ ಹೇಳಿದರೆ ಹೇಗೆ ಬದುಕ್ತಾನೆ?"

"ಅವನೇ ಕೇಳಿದ್ದಾನೆ ಸಾರ್."

ಡಾಕ್ಟರು ಮೇಲಿನವರಿಗೆ ಎಲ್ಲವನ್ನೂ ಬರೆದರು. ಆ ಕಾಗದವನ್ನು ನಾನು ಓದಿದ್ದೇನೆ, ಅದರಲ್ಲಿ ಏನನ್ನೂ ಮುಚ್ಚಿಟ್ಟಿರಲಿಲ್ಲ. ಉತ್ತರ ಬಂದದ್ದನ್ನು ನಾನು ಕಾಣಲಿಲ್ಲ. ಮುಂದಿನ ತಿಂಗಳು ಹೊಸ ರಬ್ಬರ್ ಉಂಗುರ ಬಂತು.

ಶನಿವಾರ ಅದೇ ಶಾಲೆಯ ಜಗುಲಿಯ ಮೇಲೆ ಹಟ್ಟಿಯವರು ಸೇರಿದರು. ಒಡೆದ ಸೀಸೆಯ ಚೂರುಗಳನ್ನು ಯಾರೋ ಗುಡಿಸಿ ಕಂಬದ ಬುಡದಲ್ಲಿ ಕೂಡಿಟ್ಟಿದ್ದರು. ನಾನು ಹೇಳಿದೆ. ಈತನ ಕುರಿಗೆ ನೆರಡಿ ಇರಲಿಲ್ಲ. ಬೇರೆ ಊರಿನ ಕುರಿಯ ರೋಗ ನಮ್ಮ ಕಲ್ಬತ್ತಿನಲ್ಲಿ ಉಳಿದಿತ್ತು. ಈತ ಏನನ್ನೂ ಮುಚ್ಚಿಟ್ಟವನಲ್ಲ. ಕಟ್ಟೆಯ ಮುಳ್ಳು ತೆಗೆಯಿರಿ. ಇಷ್ಟು ಹೇಳಿದೆ. ಕಲ್ಬತ್ತನ್ನು ಕುದಿಸಿದವನು ಯಾರು, ಆರು ಚುಕ್ಕೆ ಎಣಿಸಿ ಸುಮ್ಮನಿದ್ದವನು ಯಾರು, ಅದನ್ನು ಹೇಳಲಿಲ್ಲ. ಇಂದು ಇಲ್ಲಿ ಬರೆಯುತ್ತಿದ್ದೇನೆ.

ಒಬ್ಬ ಮುದುಕ ಕ್ಯಾಕರಿಸಿ ಉಗಿದ. "ಪಾತ್ರೆ ತೊಳಿಯಾಕೆ ಬರಲ್ವೇನ್ಲಾ ನಿಮಗೆ? ನಮ್ಮ ಹೆಂಗಸರನ್ನ ಕೇಳಿದ್ರೆ ಹೇಳಿಕೊಡೋರು." ಯಾರೂ ನಗಲಿಲ್ಲ.

ಕುರಿಗಾಹಿ ಜಗುಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಒಂದು ಕಡ್ಡಿ ಹಿಡಿದು ಮಣ್ಣಿನಲ್ಲಿ ಏನೋ ಗೀಚುತ್ತಿದ್ದ.

"ಅಂಗಾದ್ರೆ ಹೊಸ ಹುಲ್ಲೇ," ಎಂದ.

"ಹುಲ್ಲೇ ಇರಬೇಕು."

"ಅವಳೂ ಅದ್ನೇ ಅಂದಿದ್ಲು."

ಆತ ಎದ್ದು ಹೋಗಿ ಕಟ್ಟೆಯ ಮುಳ್ಳನ್ನು ತಾನೇ ಎಳೆಯತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ಇಬ್ಬರು ಗಂಡಸರು ಹೋಗಿ ಕೈಹಾಕಿದರು. ನಾನು ಹೋಗಲಿಲ್ಲ. ಹೋಗುವ ಹಕ್ಕು ಇದೆ ಎನ್ನಿಸಲಿಲ್ಲ.

ಅಲ್ಲಿಂದ ಮುಂದೆ ನಾನು ಇಪ್ಪತ್ತೆಂಟು ವರ್ಷ ಬೇರೆ ಬೇರೆ ಕಡೆ ಅದೇ ಕೆಲಸ ಮಾಡಿದೆ. ಏನನ್ನು ಪರೀಕ್ಷೆಗೆ ಹಾಕಿದರೂ ಜೊತೆಗೆ ಏನೂ ಇಲ್ಲದ ಒಂದನ್ನು ಹಾಕುತ್ತಿದ್ದೆ. ಜೊತೆಯವರು ಹಾಸ್ಯ ಮಾಡುತ್ತಿದ್ದರು, ಸಾಮಾನು ದಂಡ ಎನ್ನುತ್ತಿದ್ದರು. ನಾನು ಕಾರಣ ಹೇಳುತ್ತಿರಲಿಲ್ಲ. ಬೆಳಗ್ಗೆ ಮೊದಲು ತೆಗೆದು ನೋಡುತ್ತಿದ್ದದ್ದು ಆ ಖಾಲಿ ತಟ್ಟೆಯನ್ನೇ. ಸ್ವಚ್ಛವಾಗಿದ್ದರೆ ಮಾತ್ರ ಉಳಿದವನ್ನು ಮುಟ್ಟುತ್ತಿದ್ದೆ.

ಅಂದು ಆ ಜಗುಲಿಯ ಮೇಲೆ ನಡೆದದ್ದನ್ನು ಕಂಡವರಲ್ಲಿ ಇಂದು ಎಷ್ಟು ಜನ ಉಳಿದಿದ್ದಾರೆ ಎಂದು ನಾನು ಕಳೆದ ವರ್ಷ ವಿಚಾರಿಸಿದೆ. ನಮ್ಮ ಡಾಕ್ಟರು ಅಂದು ಅಲ್ಲಿರಲಿಲ್ಲ, ಈಗಲೂ ಇಲ್ಲ. ಚಾಚಾ ಹೋಗಿ ಬಹಳ ಕಾಲವಾಯಿತು. ಇಂಜೆಕ್ಷನ್ ಕೊಟ್ಟ ಡಾಕ್ಟರು ಎಲ್ಲಿದ್ದಾರೆಂದು ತಿಳಿಯಲಿಲ್ಲ. ಕುರಿಗಾಹಿ ತೀರಿಕೊಂಡು ಆರು ವರ್ಷವಾಗಿದೆ ಎಂದರು. ಸಾಲಿನಲ್ಲಿದ್ದ ಇತರರೂ ಈಗಿಲ್ಲ. ನನಗೆ ತಿಳಿದ ಮಟ್ಟಿಗೆ ಉಳಿದವರು ಇಬ್ಬರು. ಒಬ್ಬ ನಾನು. ಇನ್ನೊಬ್ಬಳು ಆ ವಾರಗಿತ್ತಿ, ಸಾಲಿನಲ್ಲಿ ಐದನೆಯವಳು, ಇಂಜೆಕ್ಷನ್ ತೆಗೆದುಕೊಳ್ಳದವಳು. ಬರಗೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಹೋಗಿ ಕಂಡೆ. ನಾನು ಕೇಳುವ ಮುಂಚೆಯೇ, ಅಂದು ಗುಡಿಸಲ ಬಳಿ ತೋರಿಸಿದ್ದ ಹಾಗೆ, ಎರಡೂ ಕೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ ತೋರಿಸಿದಳು.